ಅಳಿಸಿದ ಅಳತೆ

ಕಣ್ಣಾಸ್ಪತ್ರೆಯ ಮೂರನೆಯ ಮಹಡಿಯಲ್ಲಿ, ಮೆಟ್ಟಿಲು ಮುಗಿದ ಮೇಲೆ ಎಡಕ್ಕೆ ಹೊರಳಿದರೆ ಕಟ್ಟಕಡೆಗೆ ಸಿಗುವ ಕೋಣೆಯಲ್ಲಿ ಒಬ್ಬ ಮನುಷ್ಯ ಕೂತಿರುತ್ತಿದ್ದ. ಮಕ್ಕಳ ಕಣ್ಣಿನ ಉದ್ದ ಅಳೆಯುವುದು ಅವನ ಕೆಲಸ. ಕಣ್ಣಿಗೆ ಉದ್ದ ಎಲ್ಲಿಂದ ಬಂತಪ್ಪಾ ಎಂದು ನಗುವವರಿಗೆ ಅವನು ಬೇಸರಪಡದೆ ಬಿಡಿಸಿ ಹೇಳುತ್ತಿದ್ದ. ಕಣ್ಣೆಂದರೆ ಒಂದು ಗೋಲಿ. ಕೆಲವು ಮಕ್ಕಳಲ್ಲಿ ಅದು ದುಂಡಗೆ ಇರುವುದು ಬಿಟ್ಟು ಮೊಟ್ಟೆಯ ಹಾಗೆ ಹಿಂದಕ್ಕೆ ಬೆಳೆಯುತ್ತದೆ. ಬೆಳೆದಷ್ಟೂ ದೂರದ್ದೆಲ್ಲ ಮಂಜು. ಕನ್ನಡಕದ ನಂಬರು ವರ್ಷವರ್ಷವೂ ಏರುತ್ತದೆ. ಒಮ್ಮೆ ಬೆಳೆದ ಕಣ್ಣು ಮತ್ತೆ ಚಿಕ್ಕದಾಗುವುದಿಲ್ಲ. ಬೆಳೆಯುವ ಓಟವನ್ನು ನಿಧಾನ ಮಾಡಬಹುದು, ಅಷ್ಟೇ.

ದೇವರು ಕೊಟ್ಟ ಕಣ್ಣಿಗೆ ಅಳತೆ ಹಿಡಿಯುವುದು ಹುಡುಗಾಟವಲ್ಲ ಎಂದು ಅವನು ನಂಬಿದ್ದ. ಬೆಳಿಗ್ಗೆ ಯಂತ್ರದ ಮುಸುಕು ತೆಗೆಯುವ ಮೊದಲು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕೊಟ್ಟವನು ನೀನು, ನೋಡಿ ಹೇಳುವವನು ನಾನು, ನಡುವೆ ಬೇರೇನೂ ಸೇರದಿರಲಿ ಎನ್ನುವುದು ಅವನ ಬೇಡಿಕೆ. ಅಷ್ಟು ಹೇಳಿಕೊಂಡರೆ ಅವನ ಮಟ್ಟಿಗೆ ದಿನ ಶುರುವಾದ ಹಾಗೆ.

ಆ ಆಸ್ಪತ್ರೆಯಲ್ಲಿ ಒಂದು ದೊಡ್ಡ ಪರೀಕ್ಷೆ ನಡೆದಿತ್ತು. ಕಣ್ಣಿನ ಓಟ ತಡೆಯುವುದರಲ್ಲಿ ಯಾವ ಚಿಕಿತ್ಸೆ ಮೇಲು ಎಂದು ಹೋಲಿಸಿ ನೋಡುವ ಕೆಲಸ. ತಂದೆತಾಯಿಯರನ್ನು ಕೂರಿಸಿಕೊಂಡು ಎಲ್ಲ ವಿವರಿಸಿ, ಒಪ್ಪಿದವರ ಮಕ್ಕಳನ್ನು ಮೂರು ಪಾಲು ಮಾಡಿದ್ದರು. ಒಂದು ಪಾಲಿಗೆ ಮಲಗುವ ಮುಂಚೆ ಔಷಧಿಯ ಹನಿ, ಜೊತೆಗೆ ಮಾಮೂಲಿ ಕನ್ನಡಕ. ಇನ್ನೊಂದು ಪಾಲಿಗೆ ಗಾಜಿನ ಸುತ್ತ ಸಾಸಿವೆ ಕಾಳಿನಷ್ಟು ಸಣ್ಣ ಮಸೂರಗಳನ್ನು ಕೂರಿಸಿದ ಹೊಸ ಬಗೆಯ ಕನ್ನಡಕ. ಮೂರನೆಯ ಪಾಲಿಗೆ ಮಾಮೂಲಿ ಕನ್ನಡಕ ಮತ್ತು ಔಷಧಿಯಿಲ್ಲದ ಬರೀ ನೀರಿನ ಹನಿ. ಹನಿಯ ಬಾಟಲಿಗಳು ನೋಡಲು ಒಂದೇ ಥರ. ಯಾವುದರಲ್ಲಿ ಏನಿದೆ ಎನ್ನುವುದು ಮನೆಯವರಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ನೀರು ಸಿಕ್ಕ ಮಗುವಿಗೆ ಅನ್ಯಾಯವಾಗಬಾರದಲ್ಲ, ಅದಕ್ಕೊಂದು ಗೆರೆ ಎಳೆದಿದ್ದರು. ಆರು ತಿಂಗಳಿಗೊಮ್ಮೆ ಅಳತೆ; ಅಷ್ಟರಲ್ಲಿ ಯಾವ ಮಗುವಿನ ಕಣ್ಣು ಆ ಗೆರೆ ದಾಟಿ ಬೆಳೆಯಿತೋ ಆ ಮಗು ಅಲ್ಲಿಗೆ ಪರೀಕ್ಷೆಯಿಂದ ಹೊರಕ್ಕೆ. ಅದಕ್ಕೆ ಕೆಳಗಿನ ಮಹಡಿಯಲ್ಲಿ ಗೊತ್ತಿರುವುದರಲ್ಲೇ ಬಲವಾದ ಚಿಕಿತ್ಸೆ. ಮತ್ತೆ ಮೂರನೆಯ ಮಹಡಿಗೆ ಬರುವ ಹಾಗಿಲ್ಲ.

ಅಳೆಯುವವನಿಗಂತೂ ಏನೂ ತಿಳಿಯಕೂಡದು. ಈ ಮಗುವಿಗೆ ಒಳ್ಳೆಯ ಔಷಧಿ ಸಿಗುತ್ತಿದೆ ಎಂದು ಗೊತ್ತಾದರೆ ಅಳೆಯುವ ಕೈ ತಾನಾಗಿ ಆ ಕಡೆ ವಾಲುತ್ತದೆ ಎನ್ನುವುದು ದೊಡ್ಡವರ ಅನುಭವ. ಹಾಗಾಗಿ ಬಾಗಿಲಲ್ಲೇ ಒಬ್ಬ ನರ್ಸಮ್ಮ ನಿಂತು ಕನ್ನಡಕಗಳನ್ನು ಬಟ್ಟೆಚೀಲಕ್ಕೆ ಹಾಕಿಸಿಕೊಳ್ಳುತ್ತಿದ್ದಳು. ಔಷಧಿಯ ಸುದ್ದಿ ಒಳಗೆ ಎತ್ತಬೇಡಿ ಎಂದು ತುಟಿಯ ಮೇಲೆ ಬೆರಳಿಡುತ್ತಿದ್ದಳು. ಮಕ್ಕಳು ಬರಿಗಣ್ಣಿನಲ್ಲಿ, ಗೋಡೆ ಸವರಿಕೊಂಡು, ಕತ್ತಲೆಯಲ್ಲಿ ನಡೆಯುವವರ ಹಾಗೆ ಒಳಗೆ ಬರುತ್ತಿದ್ದವು. ಹೀಗಾಗಿ ಅವನ ಮುಖವನ್ನು ಒಂದು ಮಗುವೂ ಸರಿಯಾಗಿ ಕಂಡಿರಲಿಲ್ಲ. ಅವುಗಳ ಪಾಲಿಗೆ ಅವನು ಒಂದು ದನಿ, ಒಂದು ಬಿಳಿ ಕೋಟು. ‘ಅಳತೆ ಮಾಮ’ ಎಂದು ಹೆಸರಿಟ್ಟಿದ್ದವು.

ಯಂತ್ರದ ಮುಂದೆ ಗಲ್ಲ ಊರಿ, ಒಳಗಿನ ಕೆಂಪು ಚುಕ್ಕೆಯನ್ನು ಕಣ್ಣು ಮಿಟುಕಿಸದೆ ನೋಡಬೇಕು. ಮಕ್ಕಳಿಗೆ ಅದು ಆಗುವ ಮಾತಲ್ಲ. ಅದಕ್ಕೆ ಅವನು ಒಂದು ಉಪಾಯ ಹೂಡಿದ್ದ. ಕಣ್ಣು ತೆರೆದಿರುವಷ್ಟು ಹೊತ್ತು ಕಥೆ, ಮಿಟುಕಿಸಿದರೆ ಕಥೆ ಬಂದ್. ತೀರಿಕೊಂಡ ಅವನ ತಾಯಿ ಕಥೆಗಳ ಕಣಜವಾಗಿದ್ದಳು. ಆ ಕಣಜದ ತಳ ಕೆರೆದು ಅವನು ಒಂದು ಕಥೆ ಕಟ್ಟಿಕೊಂಡಿದ್ದ. ಒಬ್ಬ ರಾಜ. ಅವನ ನಿದ್ದೆ ಹಗ್ಗ ಹರಿದುಕೊಂಡ ಕರುವಿನ ಹಾಗೆ ಎಲ್ಲೋ ತಪ್ಪಿಸಿಕೊಂಡು ಹೋಗಿತ್ತು. ನನ್ನ ನಿದ್ದೆ ಈ ಕಡೆ ಬಂತಾ ಎಂದು ಕೇಳಿಕೊಂಡು ರಾಜ ಮನೆಮನೆ ತಿರುಗುತ್ತಿದ್ದ. ಊರಲ್ಲಿ ಮನೆಗಳಿಗೇನು ಕೊರತೆ? ಕಥೆ ಮುಗಿಯುತ್ತಲೇ ಇರಲಿಲ್ಲ.

ಸಂಜೆ ಯಂತ್ರಕ್ಕೆ ಮುಸುಕು ಹಾಕಿ ಅವನು ಮನೆಗೆ ಹೋಗುತ್ತಿದ್ದ. ಮದುವೆಯಾಗಿರಲಿಲ್ಲ. ತಾಯಿ ಇರುವವರೆಗೆ ಮನೆಯಲ್ಲಿ ಮಾತಿತ್ತು. ಈಗ ಅವನ ಜೊತೆ ಮಾತಾಡುವುದೆಂದರೆ ಕುಕ್ಕರ್ ಒಂದೇ, ಅದೂ ಮೂರು ಮಾತಾಡಿ ಸುಮ್ಮನಾಗುತ್ತಿತ್ತು. ಬೇರೆ ಊರಲ್ಲಿದ್ದ ಅಕ್ಕ ವಾರಕ್ಕೊಮ್ಮೆ ಫೋನ್ ಮಾಡಿ ಊಟ ಆಯ್ತಾ ಎನ್ನುತ್ತಿದ್ದಳು. ಆಯ್ತು ಎಂದರೆ ಹುಷಾರು ಎಂದು ಇಟ್ಟುಬಿಡುತ್ತಿದ್ದಳು. ತಟ್ಟೆ ತೊಳೆದು, ದೀಪ ಆರಿಸುವ ಮೊದಲು ದೇವರಿಗೆ ಕೈ ಮುಗಿದು ಮಲಗುತ್ತಿದ್ದ. ದೇವರು ಎಲ್ಲ ಕೇಳಿಸಿಕೊಳ್ಳುತ್ತಾನೆ ಎನ್ನುವುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. ತಿರುಗಿ ಏನಾದರೂ ಅನ್ನುವವರು ಬೇಕು ಎಂದು ಮಾತ್ರ ಒಮ್ಮೊಮ್ಮೆ ಅನ್ನಿಸುತ್ತಿತ್ತು.

ತಿರುಗಿ ಅನ್ನುವವಳು ಒಬ್ಬಳಿದ್ದಳು. ಒಂಬತ್ತು ವರ್ಷದ ಹುಡುಗಿ, ಅವಳಜ್ಜಿ ಇಟ್ಟ ಹೆಸರು ಚಿನಕುರಳಿ. ಅಜ್ಜಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೊಮ್ಮಗಳನ್ನು ಆಸ್ಪತ್ರೆಗೆ ಕರೆತರುತ್ತಿದ್ದವಳೂ ಅವಳೇ. ಹುಡುಗಿಯ ತಾಯಿಗೆ ಚಿಕ್ಕಂದಿನಿಂದ ನಂಬರು ಏರಿ ಏರಿ, ಕೊನೆಗೆ ಒಂದು ಕಣ್ಣಿನ ಹಿಂದಿನ ಪದರ ಹರಿದು ಆ ಕಣ್ಣು ಹೋಗಿತ್ತು. ಮಗಳಿಗೆ ಆದದ್ದು ಮೊಮ್ಮಗಳಿಗೆ ಆಗದಿದ್ದರೆ ಸಾಕು, ನನಗೆ ದೇವರಲ್ಲಿ ಬೇರೆ ಅರ್ಜಿ ಇಲ್ಲ ಎಂದು ಅಜ್ಜಿ ಮೊದಲ ದಿನವೇ ಹೇಳಿದ್ದಳು. ಮೊಮ್ಮಗಳಿಗೆ ಆ ಭಯವಿರಲಿಲ್ಲ. ಅವಳಿಗೆ ಬೇಕಾದದ್ದು ಕಥೆ. ಬೇರೆ ಮಕ್ಕಳು ಆರು ತಿಂಗಳಲ್ಲಿ ರಾಜನನ್ನು ಮರೆತುಬಿಡುತ್ತಿದ್ದವು. ಇವಳೊಬ್ಬಳು ಅವನನ್ನು ನಿಲ್ಲಿಸಿದ ಜಾಗ ನೆನಪಿಟ್ಟುಕೊಂಡು ಬರುತ್ತಿದ್ದಳು.

ಒಂದು ಸಲ ಅವನು ತರಕಾರಿ ಚೀಲ ಹಿಡಿದು ರಸ್ತೆಯಲ್ಲಿ ನಡೆಯುತ್ತಿದ್ದಾಗ ಎದುರಿನಿಂದ ಅಜ್ಜಿ, ಮೊಮ್ಮಗಳು ಬರುವುದು ಕಂಡಿತು. ಹುಡುಗಿ ಕನ್ನಡಕ ಹಾಕಿದ್ದಳು. ಅದು ಯಾವ ಬಗೆಯದು ಎಂದು ತನ್ನ ಕಣ್ಣಿಗೆ ಬೀಳಬಾರದಲ್ಲ ಎಂದು ಅವನು ಗಕ್ಕನೆ ತಿರುಗಿ, ಮುಚ್ಚಿದ ಅಂಗಡಿಯ ಬಾಗಿಲಿಗೆ ಮುಖ ಮಾಡಿ ನಿಂತ. ಅಜ್ಜಿ ಹುಡುಗಿಯ ಜುಟ್ಟು ಸರಿಮಾಡುತ್ತಾ ಬಂದದ್ದರಿಂದ ಇತ್ತ ನೋಡಲಿಲ್ಲ. ಹುಡುಗಿ ಅವನ ಮೊಣಕೈ ತಾಗುವಷ್ಟು ಹತ್ತಿರ, ಬೇರೆ ಯಾರ ಮೇಲೋ ಚಾಡಿ ಹೇಳುತ್ತಾ ದಾಟಿ ಹೋದಳು. ನೋಡಿದ್ದರೂ ಗುರುತು ಸಿಗುತ್ತಿರಲಿಲ್ಲ. ದನಿ ತೆಗೆದಿದ್ದರೆ ಸಿಗುತ್ತಿತ್ತೇನೋ. ತೆಗೆಯಲಿಲ್ಲ. ಮನೆಗೆ ಹೋದ ಮೇಲೂ ಎಷ್ಟೋ ಹೊತ್ತು ತರಕಾರಿ ಚೀಲ ಕೆಳಗಿಡುವುದನ್ನೇ ಮರೆತು ಕೂತಿದ್ದ.

ಅದಾದ ಮೇಲಿನ ಅಳತೆಯ ದಿನ ಹುಡುಗಿ ಬಂದವಳೇ ಯಂತ್ರಕ್ಕೆ ಗಲ್ಲ ಊರಿ ಒಂದು ಪ್ರಶ್ನೆ ಕೇಳಿದಳು.

“ಮಾಮ, ಗೆರೆ ದಾಟಿದ್ರೆ ಇಲ್ಲಿಗೆ ಬರೋ ಹಾಗೇ ಇಲ್ವಂತೆ, ಹೌದಾ?”

“ಹೌದಮ್ಮ. ಕೆಳಗಿನ ಮಹಡಿಗೆ ಹೋಗ್ಬೇಕು.”

“ಹಾಗಾದ್ರೆ ರಾಜನ ನಿದ್ದೆ ಸಿಗೋ ತನಕ ನಾನು ದಾಟಲ್ಲ ಬಿಡಿ.”

ಅವನು ನಕ್ಕ. ಯಂತ್ರ ಒಂದು ಕಣ್ಣನ್ನು ಐದಾರು ಸಲ ಅಳೆದು ಅಂಕಿಗಳನ್ನು ಸಾಲಾಗಿ ಕೊಡುತ್ತದೆ. ಕಣ್ಣು ಅಲುಗಾಡಿ ಹಾಳಾದ ಅಂಕಿಯನ್ನು ಅಳಿಸುವ ಹಕ್ಕು ಅಳೆಯುವವನದು; ಉಳಿದವುಗಳ ಸರಾಸರಿ ಡಾಕ್ಟರಿಗೆ ಹೋಗುತ್ತದೆ. ಅವತ್ತು ಎರಡು ಅಂಕಿ ಉಳಿದವಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿದ್ದವು. ಹುಡುಗಿ ಅಲುಗಾಡಿರಬೇಕು ಎಂದುಕೊಂಡು ಅಳಿಸಿದ. ಸರಾಸರಿ ಗೆರೆಯ ಈಚೆಗೇ ನಿಂತಿತು. ಅವನಿಗೆ ಅದರಲ್ಲಿ ಏನೂ ವಿಶೇಷ ಕಾಣಲಿಲ್ಲ. ಸಂಜೆ ಮನೆಗೆ ಹೋಗುವಾಗ ಮಾತ್ರ ಯಾಕೋ ಹೆಜ್ಜೆ ಹಗುರವಾಗಿತ್ತು.

ಮತ್ತೆ ಆರು ತಿಂಗಳು ಕಳೆದು ಅವಳು ಬಂದಳು.

“ಮಾಮ, ರಾಜ ಕುಂಬಾರನ ಮನೆ ಬಾಗಿಲಲ್ಲಿ ನಿಂತಿದ್ದ. ಆವಾಗಿಂದ ನಿಂತೇ ಇದ್ದಾನೆ, ಪಾಪ, ಕಾಲು ನೋಯಲ್ವಾ?”

“ನೋಯಿಸಿದ್ದು ನೀನೇ. ಹೋದ ಸಲ ಅಷ್ಟೊಂದು ಮಿಟುಕಿಸಿದ್ದು ಯಾರು?”

“ನಾನಲ್ಲಪ್ಪ. ಕಣ್ಣು.”

“ಸರಿ, ಹಾಗಾದ್ರೆ ಕಣ್ಣಿಗೇ ಕಥೆ ಹೇಳ್ತೀನಿ. ನೀನು ಕೇಳಿಸ್ಕೋಬೇಡ.”

ಮೂಲೆಯ ಸ್ಟೂಲಿನಲ್ಲಿದ್ದ ಅಜ್ಜಿ, ಇವಳ ನಾಲಿಗೆಗೂ ಒಂದು ಯಂತ್ರ ಇದ್ದರೆ ಅದರ ಉದ್ದವನ್ನೂ ಅಳೆದು ಕಳಿಸಿ, ಯಾವ ಗೆರೆ ದಾಟಿದೆ ಅಂತ ನೋಡೋಣ ಎಂದಳು. ರಾಜ ಕುಂಬಾರನ ಮನೆ ಬಿಟ್ಟು ಬುಟ್ಟಿ ಹೆಣೆಯುವವನ ಮನೆಗೆ ಹೋದ. ಬುಟ್ಟಿಗಳನ್ನು ಒಂದೊಂದಾಗಿ ಬೋರಲು ಹಾಕಿ ನೋಡಿದ, ನಿದ್ದೆ ಎಲ್ಲೂ ಇಲ್ಲ. ಹುಡುಗಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಪರದೆಯಲ್ಲಿ ಅಂಕಿಗಳು ಬಿದ್ದವು. ಅವನ ಬೆರಳು ಉದ್ದದ ಅಂಕಿಗಳನ್ನು ಹುಡುಕಿ ಅಳಿಸಿತು. ಈ ಸಲವೂ ಗೆರೆಯ ಈಚೆಗೇ. ಮುಂದಿನ ಮನೆ ಯಾರದು ಎಂದು ಅವಳು ಕೇಳಿದಾಗ, ಬಂದಾಗ ಹೇಳ್ತೀನಿ ಎಂದು ಕಳಿಸಿದ.

ಅವಳ ಹಿಂದೆಯೇ ಬಂದದ್ದು ಮಾತೇ ಆಡದ ಒಂದು ಮಗು. ಹೆಸರು ಕೇಳಿದರೂ ನೆಲ ನೋಡುವಂಥದ್ದು. ನರ್ಸಮ್ಮ ಅದನ್ನು ಗುಮ್ಮ ಎನ್ನುತ್ತಿದ್ದಳು. ಕಥೆ ಶುರುಮಾಡಿದರೆ ಗುಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೀಗಾಗಿ ಅವನೂ ರಾಜನನ್ನು ಬುಟ್ಟಿಯವನ ಮನೆಯಲ್ಲೇ ಬಿಟ್ಟು ಸುಮ್ಮನೆ ಅಳೆದ. ಅಂಕಿಗಳು ಬಿದ್ದವು. ಎರಡು ಉಳಿದವಕ್ಕಿಂತ ಕೂದಲೆಳೆಯಷ್ಟು ಉದ್ದ. ಮಗು ಅಲುಗಾಡಿರಲಿಲ್ಲ, ಯಂತ್ರವೂ ಎಲ್ಲ ಸರಿ ಎಂದು ಹಸಿರು ಗುರುತು ತೋರಿಸಿತ್ತು. ಅವನು ಎಲ್ಲವನ್ನೂ ಉಳಿಸಿಕೊಂಡು ಗುಂಡಿ ಒತ್ತಿದ. ಗುಮ್ಮ ಗೆರೆ ದಾಟಿತ್ತು.

ದಾಟಿದರೆ ದಾಟಿತು ಎಂದುಕೊಂಡು ಎದ್ದವನು ಅರ್ಧಕ್ಕೇ ನಿಂತ.

ಇಂಥದೇ ಅಂಕಿಗಳು, ಇದೇ ಹಸಿರು ಗುರುತು ಸ್ವಲ್ಪ ಹೊತ್ತಿನ ಹಿಂದೆಯೂ ಇದ್ದವು. ಆಗ ಬೆರಳು ಯಾರನ್ನೂ ಕೇಳದೆ ಓಡಿತ್ತು. ಈಗ ಅದೇ ಬೆರಳು ಕಲ್ಲಿನ ಹಾಗೆ ಕೂತಿತ್ತು. ಒಂದೇ ಕೈ, ಎರಡು ನ್ಯಾಯ. ಚಿನಕುರಳಿಯ ಕಣ್ಣು ಅಲುಗಾಡಿತೇ? ಇಲ್ಲ. ಅವಳು ಉಸಿರನ್ನೇ ಕಟ್ಟಿ ಕೂತಿದ್ದಳು. ಹೋದ ಸಲವೂ? ಅವನು ಗೋಡೆಗೆ ಕೈ ಊರಿದ. ಹೆಜ್ಜೆ ಹಗುರವಾಗಿದ್ದ ಆ ಸಂಜೆ ಏಕೆ ಹಗುರವಾಗಿತ್ತು ಎನ್ನುವುದು ಈಗ ತಿಳಿಯಿತು. ಔಷಧಿ ಗೆದ್ದಿತು ಎಂದಲ್ಲ. ಮಗುವಿನ ಕಣ್ಣು ಉಳಿಯಿತು ಎಂದೂ ಅಲ್ಲ. ಅವಳು ಇನ್ನೊಂದು ಸಲ ಬರುತ್ತಾಳೆ ಎಂದು.

ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಳಿಸುವ ಹಕ್ಕು ಅವನದೇ. ಹೇಳಿದರೆ ಅವಳು ಇನ್ನು ಈ ಕೋಣೆಗೆ ಬರುವುದಿಲ್ಲ. ಅದರ ಮೇಲೆ ಎಷ್ಟೋ ವರ್ಷದ ಅವನ ಅಳತೆಯ ಮೇಲೆಲ್ಲ ಅನುಮಾನ ಬೀಳುತ್ತದೆ. ಅವಳ ತಾಯಿಯ ಹೋದ ಕಣ್ಣು ನೆನಪಾಯಿತು. ಆಕೆಯನ್ನು ಅವನು ಕಂಡೇ ಇರಲಿಲ್ಲ. ಆದರೂ ಆ ಕಣ್ಣು ತನ್ನನ್ನೇ ನೋಡುತ್ತಿದೆ ಎನ್ನಿಸಿತು.

ಅವನು ಮೆಟ್ಟಿಲು ಇಳಿದು ಓಡಿದ. ಅಜ್ಜಿ, ಮೊಮ್ಮಗಳು ಹನಿಯ ಬಾಟಲಿ ಕೊಡುವ ಕಿಟಕಿಯ ಮುಂದೆ ಸಾಲಿನಲ್ಲಿದ್ದರು. ಇನ್ನೊಂದು ಸಲ ಅಳೆಯಬೇಕು, ನನ್ನಿಂದಲೇ ತಪ್ಪಾಗಿದೆ ಎಂದು ಏದುಸಿರಿನಲ್ಲಿ ಹೇಳಿ ವಾಪಸು ಕರೆತಂದ. ಹುಡುಗಿಗೆ ಖುಷಿಯೋ ಖುಷಿ. ರಾಜನಿಗೆ ಇನ್ನೊಂದು ಮನೆ ಸಿಕ್ಕಿತು. ಅಗಸನ ಮನೆಯಲ್ಲಿ ರಾಜ ಒಗೆದ ಬಟ್ಟೆಗಳನ್ನೆಲ್ಲ ಕೊಡವಿ ನೋಡುವಷ್ಟರಲ್ಲಿ ಅಂಕಿಗಳು ಬಿದ್ದವು. ಅವನು ಎರಡೂ ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿದ. ಯಾವುದನ್ನೂ ಅಳಿಸಲಿಲ್ಲ. ಗೆರೆ ಹಿಂದೆಲ್ಲೋ ಉಳಿದಿತ್ತು.

ಪರೀಕ್ಷೆ ನಡೆಸುತ್ತಿದ್ದ ಡಾಕ್ಟರಮ್ಮ ಅವನಿಗಿಂತ ಚಿಕ್ಕವಳು. ಅವನು ನಿಂತುಕೊಂಡೇ ಎಲ್ಲ ಹೇಳಿದ.

“ಹೋದ ಸಲವೂ ಅಳಿಸಿದ್ರಾ?”

“ಹೋದ ಸಲವೂ.”

“ನಿಮ್ಮ ಕೈ ವಾಲಬಾರದು ಅಂತ ಔಷಧಿಯನ್ನ ಮುಚ್ಚಿಟ್ವಿ, ಕನ್ನಡಕ ಮುಚ್ಚಿಟ್ವಿ,” ಎಂದಳು ಆಕೆ. “ಮಗೂನ ಮುಚ್ಚಿಡೋಕಾಗಲ್ವಲ್ಲ. ಅದು ನಮಗೆ ಹೊಳೀಲೇ ಇಲ್ಲ ನೋಡಿ.”

ಆಮೇಲೆ ಆಗಬೇಕಾದದ್ದು ಆಯಿತು. ಗೆರೆ ದಾಟಿದ ಮಗುವಿನ ಗುಟ್ಟು ಒಡೆಯುವುದು ಪದ್ಧತಿ. ಚಿನಕುರಳಿಗೆ ಎರಡು ವರ್ಷದಿಂದ ಸಿಗುತ್ತಿದ್ದದ್ದು ಬರೀ ನೀರಿನ ಹನಿ. ಇನ್ನು ಮುಂದೆ ಔಷಧಿಯ ಹನಿಯೂ ಹೊಸ ಕನ್ನಡಕವೂ ಎರಡೂ, ಜೊತೆಗೆ ದಿನವೂ ಬೆಳಕಿರುವಾಗ ಹೊರಗಡೆ ಆಟ ಎಂದು ಡಾಕ್ಟರಮ್ಮ ಬರೆದುಕೊಟ್ಟಳು. ಅವನು ತನ್ನನ್ನು ಈ ಕೆಲಸದಿಂದ ಬಿಡಿಸಿ ಎಂದು ಕೇಳಿಕೊಂಡ. ಬಿಟ್ಟು ಹೋಗುವುದು ಸುಲಭ, ಇಲ್ಲೇ ಕೂತು ಅಳೆಯುವುದೇ ಕಷ್ಟ, ನೀವು ಕಷ್ಟದ್ದನ್ನೇ ಮಾಡಿ ಎಂದಳು ಆಕೆ. ಇನ್ನು ಮೇಲೆ ಅಳಿಸಬೇಕಾದ ಪ್ರತಿ ಅಂಕಿಯನ್ನೂ ಇನ್ನೊಬ್ಬರು ನೋಡಿ ಒಪ್ಪಬೇಕು, ಹಳೆಯ ಮಕ್ಕಳನ್ನೆಲ್ಲ ಬೇರೆಯವರು ಮತ್ತೊಮ್ಮೆ ಅಳೆಯಬೇಕು ಎಂದೂ ತೀರ್ಮಾನವಾಯಿತು. ಮಗುವಿನ ಮನೆಯವರಿಗೆ ನಡೆದದ್ದನ್ನು ತಿಳಿಸಬೇಕಿತ್ತು. ಅದನ್ನು ನಾನೇ ಹೇಳುತ್ತೇನೆ ಎಂದು ಅವನು ಬೇಡಿಕೊಂಡ.

ಹುಡುಗಿಗೆ ಹೊಸ ಕನ್ನಡಕದ ಚೌಕಟ್ಟು ಆರಿಸಲು ನರ್ಸಮ್ಮ ಒಳಗೆ ಕರೆದುಕೊಂಡು ಹೋಗಿದ್ದಳು. ಅಜ್ಜಿ ಅಂಗಳದ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ಅವನು ಆ ತುದಿಗೆ ಕೂತು, ಮುಚ್ಚುಮರೆ ಮಾಡದೆ ಹೇಳಿದ. ಅಜ್ಜಿ ಸೆರಗಿನ ಅಂಚನ್ನು ಬೆರಳಿನಿಂದ ತೀಡುತ್ತಾ ಕೇಳಿದಳು. ಹೊಲಿಗೆಯವರ ಬೆರಳು ಸುಮ್ಮನಿರುವುದಿಲ್ಲ.

“ಹೋದ ಸಲವೇ ಸರಿಯಾಗಿ ಹೇಳಿದ್ದಿದ್ರೆ ಆವತ್ತೇ ಔಷಧಿ ಶುರುವಾಗ್ತಿತ್ತು. ಅಲ್ವಾ?”

“ಹೌದಮ್ಮ.”

“ಆ ಆರು ತಿಂಗಳಲ್ಲಿ ಬೆಳೆದದ್ದು ವಾಪಸ್ ಹೋಗುತ್ತಾ?”

“ಇಲ್ಲಮ್ಮ.”

“ಬೇರೆ ಮಕ್ಕಳಿಗೂ ಹೀಗೆ ಮಾಡಿದ್ರಾ?”

“ನನಗೆ ತಿಳಿದ ಮಟ್ಟಿಗೆ ಇಲ್ಲ.”

“ಯಾಕೆ?”

ಅದಕ್ಕೊಂದು ಸುತ್ತಿನ ಉತ್ತರ ಹುಡುಕಬಹುದಿತ್ತು. ಅವನು ಹುಡುಕಲಿಲ್ಲ.

“ಅವರು ಬರದೇ ಹೋದ್ರೆ ನನಗೇನೂ ಅನ್ನಿಸ್ತಿರಲಿಲ್ಲ.”

ಅಜ್ಜಿ ಮೊದಲ ಸಲ ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತು. ಸಿಟ್ಟಿನ ಹಿಂದೆ ಇನ್ನೇನೋ ಬಂದು ನಿಂತಿತು, ಆದರೆ ಆಕೆ ಅದನ್ನು ಮುಂದೆ ಬರಗೊಡಲಿಲ್ಲ.

“ಮನೇಲಿ ಯಾರೂ ಇಲ್ವೇನಪ್ಪ?”

“ಇಲ್ಲ.”

“ಒಂಟಿತನ ಕೆಟ್ಟದ್ದು, ನನಗೂ ಗೊತ್ತು. ಅದಕ್ಕೂ ಹಸಿವಾಗುತ್ತೆ. ಹಾಗಂತ ನನ್ನ ಮೊಮ್ಮಗಳ ಕಣ್ಣನ್ನ ಅದಕ್ಕೆ ಮೇವು ಹಾಕ್ತಾರಾ?”

ಆಕೆ ಮೊಣಕಾಲ ಮೇಲೆ ಕೈ ಊರಿ ಎದ್ದಳು. ಮಗುವಿಗೆ ಇದನ್ನು ಹೇಳುವುದಿಲ್ಲ, ಅವಳಿಗೆ ನಿಮ್ಮ ಮೇಲೆ ಪ್ರಾಣ, ಅದನ್ನು ಕೆಡಿಸಿ ನನಗೇನೂ ಆಗಬೇಕಾದ್ದಿಲ್ಲ ಎಂದಳು. ಅವಳ ಅಮ್ಮನಿಗೆ ಹೇಳುತ್ತೇನೆ, ಅವಳು ಏನನ್ನುತ್ತಾಳೋ ನೀವು ಕೇಳಿಸಿಕೊಳ್ಳಬೇಕು ಎಂದಳು. ಕೇಳಿಸಿಕೊಳ್ಳುತ್ತೇನೆ ಎಂದ. ಮಿಕ್ಕಿದ್ದನ್ನು ದೇವರ ಹತ್ತಿರ ನೀವೇ ಮಾತಾಡಿಕೊಳ್ಳಿ ಎಂದು ಆಕೆ ಒಳಗೆ ಹೋದಳು. ಒಳಗಿನಿಂದ, ಕೆಂಪು ಚೌಕಟ್ಟೇ ಬೇಕು ಎಂದು ಯಾರ ಜೊತೆಗೋ ವಾದ ಮಾಡುತ್ತಿದ್ದ ಚಿನಕುರಳಿಯ ದನಿ ಕೇಳುತ್ತಿತ್ತು. ಬಾಗಿಲು ಮುಚ್ಚಿಕೊಂಡಿತು. ದನಿ ನಿಂತಿತು.

ಬೆಂಚಿನ ಮೇಲೆ ಬಿಸಿಲು ಸರಿದು ಅವನ ಕಾಲಿನವರೆಗೆ ಬಂತು. ದೇವರ ಹತ್ತಿರ ಮಾತಾಡಲು ನೋಡಿದ. ಬಾಯಿಪಾಠದ ಮಾತುಗಳೆಲ್ಲ ಹೊರಗಿನವರದ್ದು ಎನ್ನಿಸಿ, ಸುಮ್ಮನೆ ಕೂತ. ಆ ಕಡೆಯಿಂದಲೂ ಸುಮ್ಮನೇ. ಇಷ್ಟು ವರ್ಷ ಈ ಮೌನವನ್ನು ಅವನು ಉತ್ತರವಿಲ್ಲದ್ದು ಎಂದುಕೊಂಡಿದ್ದ. ಪಕ್ಕದಲ್ಲಿ ಕೂತು ಏನೂ ಹೇಳದೆ ಇರುವವರೂ ಉಂಟು ಎಂದು ಇವತ್ತು ಅನ್ನಿಸಿತು. ಅದರಿಂದ ಸಮಾಧಾನವೇನೂ ಆಗಲಿಲ್ಲ. ಬೆನ್ನು ಮಾತ್ರ ಸ್ವಲ್ಪ ನೆಟ್ಟಗಾಯಿತು.

ಮೇಲಿನಿಂದ ನರ್ಸಮ್ಮ ಕೂಗಿದಳು. ಇನ್ನೊಂದು ಮಗು ಕಾಯುತ್ತಿದೆಯಂತೆ. ಅವನು ಮೆಟ್ಟಿಲು ಹತ್ತಿ ಹೋದ. ಹೊಸ ಮಗು, ಇನ್ನೂ ಚಿಕ್ಕದು. ಗೋಡೆ ಸವರಿಕೊಂಡು ಬಂದು, ಎತ್ತರದ ಸ್ಟೂಲು ಹತ್ತಲಾರದೆ ಅವನ ಬಿಳಿ ಕೋಟಿನ ಕಡೆ ಕೈ ಚಾಚಿತು. ಅವನು ಎತ್ತಿ ಕೂರಿಸಿದ.

“ಕಥೆ ಹೇಳ್ಲಾ?”

ಮಗು ಬೇಡ ಎಂದು ತಲೆಯಾಡಿಸಿ, ತಾನಾಗಿ ಗಲ್ಲ ಊರಿತು. ಕೆಂಪು ಚುಕ್ಕೆ ಹತ್ತಿಕೊಂಡಿತು. ಅವನು ಕೈಗಳನ್ನು ಮಂಡಿಯ ಮೇಲಿಟ್ಟುಕೊಂಡು ಅಂಕಿಗಳು ಬೀಳುವುದನ್ನು ಕಾಯತೊಡಗಿದ.